ಅಟ್ಟಕ್ಕೆ ಏರಿಸೋ ಮುಂಚೆ ಟ್ಯಾಂಕ್ ಖಾಲಿ ಮಾಡಿ: ಇ20 ಪೆಟ್ರೋಲ್ ಮತ್ತು ನಮ್ಮ ಸಣ್ಣ ಮಷೀನುಗಳು



ಹತ್ತಿ ಬಿಡಿಸೋದು ಮುಗೀತಾ ಬಂತು. ಕೌತಾಳಂ, ಹೊಳಗುಂದ, ಕೋಸಿಗಿ, ಪೆದ್ದಕಡಬೂರು, ಹಾಲಹರ್ವಿ, ಎಲ್ಲಾ ಕಡೆ ಎಣ್ಣೆ ಹೊಡೆಯೋ ಪವರ್ ಸ್ಪ್ರೇಯರ್‌ಗಳು ಅಟ್ಟ ಹತ್ತುವ ಟೈಮು. ಮತ್ತೆ ಅವನ್ನ ಕೆಳಗಿಳಿಸೋದು ಮುಂದಿನ ಮುಂಗಾರು ಬೆಳೆಗೆ. ಆಗ ಏನಾಗುತ್ತೆ ಅಂತ ಹೊಲ ಇರೋ ಮನೆಯವರಿಗೆಲ್ಲ ಗೊತ್ತು. ಹಗ್ಗ ಎಳೆದು ಎಳೆದು ತೋಳು ಬಿದ್ದುಹೋಗುತ್ತೆ, ಮಷೀನು ಸ್ಟಾರ್ಟ್ ಆಗಲ್ಲ. ಆದೋನಿಯ ಮೆಕ್ಯಾನಿಕ್ ಅಂಗಡಿ ಮುಂದೆ ಇಪ್ಪತ್ತು ಮಷೀನು ಸಾಲಾಗಿ ಕೂತಿರುತ್ತವೆ. "ನಾಳೆ ಬಾ, ನಾಡಿದ್ದು ಬಾ" ಅನ್ನೋ ಮಾತು. ಅಷ್ಟರಲ್ಲಿ ಗುಲಾಬಿ ಕಾಯಿಕೊರಕ ಕಾಯಿ ಒಳಗೆ ಕೂತು ತನ್ನ ಕೆಲಸ ಮುಗಿಸಿರುತ್ತೆ.

ಕೇಳಿದರೆ ಒಂದೇ ಉತ್ತರ: "ಈಗಿನ ಪೆಟ್ರೋಲ್ ಸರಿ ಇಲ್ಲ ಬಿಡಪ್ಪ." ಈ ಮಾತಲ್ಲಿ ಅರ್ಧ ನಿಜ ಐತಿ. ಉಳಿದರ್ಧ ನಮಗೆ ಯಾರೂ ಹೇಳಿಕೊಡದೆ ಉಳಿದದ್ದು. ಅದನ್ನ ಇವತ್ತು ಬಿಡಿಸಿ ಹೇಳಬೇಕು ಅನ್ನಿಸ್ತು.

ಈಗ ಬಂಕಿನಲ್ಲಿ ಬರೋ ಮಾಮೂಲಿ ಪೆಟ್ರೋಲ್ ಬರೀ ಪೆಟ್ರೋಲ್ ಅಲ್ಲ. ಲೀಟರಿನಲ್ಲಿ 800 ಎಂ.ಎಲ್. ಪೆಟ್ರೋಲ್, 200 ಎಂ.ಎಲ್. ಎಥನಾಲ್. ಎಥನಾಲ್ ಅಂದ್ರೆ ಕಬ್ಬಿನ ಕಾಕಂಬಿ, ನುಚ್ಚಕ್ಕಿ, ಮೆಕ್ಕೆಜೋಳದಿಂದ ತೆಗೆಯೋ ಮದ್ಯಸಾರ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರ ಹೊತ್ತಿಗೆ ಶೇ 20 ಬೆರೆಸಬೇಕು ಅಂತ ಗುರಿ ಇಟ್ಟಿತ್ತು. 2022ರಲ್ಲಿ ಗುರಿಯನ್ನ 2025-26ಕ್ಕೆ ಎಳೆದು ತಂದರು. ಆ ವರ್ಷ ಜೂನ್ ಹೊತ್ತಿಗೆ ಶೇ 10 ಆಗಿತ್ತು. 2023ರ ಫೆಬ್ರವರಿ 6ರಂದು ಬೆಂಗಳೂರಲ್ಲೇ ಇ20ಗೆ ಚಾಲನೆ ಕೊಟ್ಟರು, 2025ರಲ್ಲಿ ದೇಶದ ಉದ್ದಗಲಕ್ಕೂ ಅದೇ ಮಾಮೂಲಿ ಪೆಟ್ರೋಲ್ ಆಗಿಹೋಯ್ತು. ಶೇ 10ರಿಂದ 20ಕ್ಕೆ ಬರೀ ಮೂರು ವರ್ಷ. ನಮ್ಮ ಮನೆಯ ಸ್ಪ್ರೇಯರ್‌ಗೆ, ಹಳೇ ಎಕ್ಸೆಲ್ ಗಾಡಿಗೆ, ತುಂಗಭದ್ರಾ ದಂಡೆಯ ಪೆಟ್ರೋಲ್ ಪಂಪ್‌ಸೆಟ್‌ಗೆ ಇದಕ್ಕಿಂತ ಎಷ್ಟೋ ಜಾಸ್ತಿ ವಯಸ್ಸಾಗಿದೆ.

ಮೊದಲು ಮೈಲೇಜ್ ಮಾತು ಮುಗಿಸಿಬಿಡೋಣ, ಯಾಕಂದ್ರೆ ಗಲಾಟೆ ಎಲ್ಲಾ ಅದರ ಮೇಲೇ ನಡೀತಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹಾಗಾಗಿ ಮೈಲೇಜ್ ಬೀಳಲೇಬೇಕು. ನೀತಿ ಆಯೋಗದ 2021ರ ವರದಿಯೇ ಹಳೇ ದ್ವಿಚಕ್ರ ವಾಹನಗಳಿಗೆ ಶೇ 3ರಿಂದ 4, ಹಳೇ ಕಾರುಗಳಿಗೆ ಶೇ 6ರಿಂದ 7 ಕಡಿಮೆ ಆಗುತ್ತೆ ಅಂದಿತ್ತು. ಎಕ್ಸೆಲ್ ಗಾಡಿಗೆ ತಿಂಗಳಿಗೆ 10 ಲೀಟರ್ ಹಾಕಿಸೋನಿಗೆ ಶೇ 4 ಅಂದ್ರೆ 400 ಎಂ.ಎಲ್. ಲೀಟರಿಗೆ 110 ರೂಪಾಯಿ ಅಂತ ಹಿಡಿದರೆ 44 ರೂಪಾಯಿ. ನಷ್ಟ ನಷ್ಟವೇ, ಆದ್ರೆ ಮನೆ ಮುರಿಯೋ ನಷ್ಟ ಅಲ್ಲ. ದಿನಾ ಓಡೋ ಗಾಡಿಗೆ ಇ20ಯಿಂದ ಪ್ರಳಯ ಏನೂ ಆಗಿಲ್ಲ ಅನ್ನೋದು ನಮ್ಮ ಅಭಿಪ್ರಾಯ. ಟ್ಯಾಂಕ್ ವಾರಕ್ಕೊಮ್ಮೆ ಖಾಲಿಯಾಗಿ ತುಂಬುತ್ತೆ, ಪೆಟ್ರೋಲ್ ಹಳೇದಾಗೋಕೆ ಪುರಸೊತ್ತೇ ಇಲ್ಲ.

ಪೆಟ್ಟು ಬೀಳೋದು ವರ್ಷದಲ್ಲಿ ಮೂರ್ನಾಲ್ಕು ತಿಂಗಳು ದುಡಿದು ಉಳಿದ ಕಾಲ ಸುಮ್ಮನೆ ಕೂರೋ ಮಷೀನಿಗೆ. ಸ್ಪ್ರೇಯರ್, ಕಳೆ ಕತ್ತರಿಸೋ ಮಷೀನು, ಸಣ್ಣ ಪಂಪ್‌ಸೆಟ್, ಶಾಮಿಯಾನದವರ ಸಣ್ಣ ಜನರೇಟರ್. ಇವೆಲ್ಲಾ ಯಾರ ಮನೇಲಿ ಇರ್ತವೆ? ಟ್ರಾಕ್ಟರ್ ಕೊಳ್ಳೋ ಶಕ್ತಿ ಇಲ್ಲದ ಮೂರು ಎಕರೆ, ಐದು ಎಕರೆ ರೈತನ ಮನೇಲಿ. ಟ್ರಾಕ್ಟರ್ ಡೀಸೆಲ್ ಕುಡಿಯುತ್ತೆ, ಅದಕ್ಕೆ ಈ ತಾಪತ್ರಯ ಇಲ್ಲ.

ಅಟ್ಟದ ಮೇಲೆ ಕೂತ ಮಷೀನಿನ ಒಳಗೆ ಏನು ನಡೆಯುತ್ತೆ ನೋಡಿ. ಕಾರ್ಬೋರೇಟರಿನ ಬಟ್ಟಲಲ್ಲಿ ಒಂದಿಷ್ಟು ಪೆಟ್ರೋಲ್ ಉಳಿದಿರುತ್ತೆ. ಮಾರ್ಚ್-ಏಪ್ರಿಲ್ ಬಂತಂದ್ರೆ ನಮ್ಮ ಕಡೆ ತಗಡಿನ ಕೆಳಗೆ ಬೆಂಕಿ. ಪೆಟ್ರೋಲಿನ ಹಗುರ ಭಾಗ ಹಾರಿಹೋಗಿ ತಳದಲ್ಲಿ ಅಂಟಿನಂಥ ಕಂದು ಪದಾರ್ಥ ಉಳಿಯುತ್ತೆ. ಜೆಟ್ಟಿನ ತೂತು ಸೂಜಿ ಮೊನೆಯಷ್ಟು, ಅದು ಮುಚ್ಚಿಕೊಳ್ಳೋಕೆ ಇಷ್ಟೇ ಸಾಕು. ಇದು ಮುಂಚಿನ ಪೆಟ್ರೋಲಿಗೂ ಇದ್ದ ರೋಗ, ಎಥನಾಲ್ ತಂದದ್ದಲ್ಲ. ಎಥನಾಲ್ ಅದರ ಮೇಲೆ ಇನ್ನೆರಡು ಸೇರಿಸಿದೆ. ಒಂದು, ಅದು ನೀರನ್ನ ಎಳೆದುಕೊಳ್ಳುತ್ತೆ. ಬಟ್ಟಲಿನ ಅಲ್ಯೂಮಿನಿಯಂ, ಸತುವಿನ ಭಾಗಗಳ ಮೇಲೆ ಬಿಳೀ ಪುಡಿ ಕಟ್ಟುತ್ತೆ. ಎರಡು, ಹಳೇ ಕಾಲದ ರಬ್ಬರನ್ನ ಅದು ಸುಮ್ಮನೆ ಬಿಡಲ್ಲ. ಪೈಪು, ವಾಷರ್, ಡಯಾಫ್ರಮ್ ಮೊದಲು ಉಬ್ಬುತ್ತವೆ, ಒಣಗಿದ ಮೇಲೆ ಗಟ್ಟಿಯಾಗಿ ಬಿರುಕು ಬಿಡ್ತವೆ. ಜುಲೈನಲ್ಲಿ ಪೆಟ್ರೋಲ್ ತುಂಬಿದ ಕೂಡಲೇ ತೊಟತೊಟ ಸೋರೋದು ಅದಕ್ಕೇ. ಬೆನ್ನಿಗೆ ಹೊತ್ತುಕೊಳ್ಳೋ ಮಷೀನು ಅದು, ಸೈಲೆನ್ಸರ್ ಕಾದ ಕೆಂಡದ ಹಾಗೆ ಇರುತ್ತೆ. ಸೋರೋ ಪೆಟ್ರೋಲ್ ಬರೀ ದುಡ್ಡಿನ ವಿಷಯ ಅಲ್ಲ.

ಎಲ್ಲರೂ ಹೆದರಿಸೋ ಇನ್ನೊಂದು ಸಂಗತಿ, ಪೆಟ್ರೋಲ್ ಎರಡು ಪದರ ಆಗೋದು. ನೀರು ಒಂದು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ಮಷೀನು ಹೀರೋದು ತಳದಿಂದಲೇ. ಟೂ ಸ್ಟ್ರೋಕ್ ಮಷೀನಿನಲ್ಲಿ ನಾವು ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತೆ, ಕೆಳಗಿನ ನೀರು-ಎಥನಾಲ್‌ನಲ್ಲಿ ಜಿಡ್ಡೇ ಇರಲ್ಲ. ಅದನ್ನ ಕುಡಿದ ಮಷೀನು ಓಡೋದು ಕಷ್ಟ, ಓಡಿದರೂ ಪಿಸ್ಟನ್ ಹಿಡಿದುಕೊಳ್ಳುತ್ತೆ. ಆದ್ರೆ ನಮ್ಮ ಆದೋನಿ ಸೀಮೆಗೆ ಇದು ದೊಡ್ಡ ಭಯ ಅಲ್ಲ. ನಮ್ಮದು ಒಣ ಗಾಳಿ, ಬರೀ ಗಾಳಿಯ ತೇವಕ್ಕೆ ಅಷ್ಟು ಬೇಗ ಪದರ ಒಡೆಯಲ್ಲ. ಕಾಸರಗೋಡಿನ ಕನ್ನಡದ ಗೆಳೆಯರ ಪಾಡು ಬೇರೆ. ಅವರು ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಹೊಡೆಯೋದೇ ಮಳೆಗಾಲದಲ್ಲಿ, ಅಲ್ಲಿ ಕ್ಯಾನಿನ ಮುಚ್ಚಳ ಸಡಿಲ ಇದ್ದರೂ ಸಾಕು. ನಮ್ಮಲ್ಲಿ ನೀರು ಒಳಗೆ ಹೋಗೋದು ಬೇರೆ ದಾರೀಲಿ. ಮಳೆ ಹನಿ ಬೀಳೋ ಹೊತ್ತಲ್ಲಿ ಬದುವಿನ ಮೇಲೆ ಕೂತು ಟ್ಯಾಂಕ್ ತುಂಬೋದು, ಔಷಧಿ ಕಲಸಿದ ಒದ್ದೆ ಕೈಯಲ್ಲೇ ಮುಚ್ಚಳ ತೆಗೆಯೋದು, ಕಾಲುವೆ ಪಂಪ್‌ಸೆಟ್ ರಾತ್ರಿಯೆಲ್ಲ ಬಯಲಲ್ಲಿ ಬಿಡೋದು.

ಪದರದ ಮಾತು ಬಂತಲ್ಲ, ವಾಟ್ಸಾಪಲ್ಲಿ ಓಡಾಡೋ ಒಂದು ವಿಡಿಯೊ ಬಗ್ಗೆಯೂ ಹೇಳಿಬಿಡ್ತೀವಿ. ಬಾಟಲಿಯಲ್ಲಿ ಪೆಟ್ರೋಲ್ ಹಾಕಿ, ಸ್ವಲ್ಪ ನೀರು ಸುರಿದು ಅಲ್ಲಾಡಿಸಿ, "ನೋಡ್ರಿ, ಇಷ್ಟೊಂದು ನೀರು ಬೆರೆಸ್ಯಾರ" ಅಂತ ಬಂಕಿನ ಹುಡುಗನ ಮೇಲೆ ಏರಿ ಹೋಗೋದು. ಅಣ್ಣ, ತಳದಲ್ಲಿ ಕಾಣೋದು ನೀನೇ ಸುರಿದ ನೀರು, ಜೊತೆಗೆ ಅದು ಎಳೆದುಕೊಂಡ ಎಥನಾಲ್. ಬಂಕಿನವ ಕದ್ದ ಸಾಕ್ಷಿ ಅದಲ್ಲ. ಅನುಮಾನ ಇದ್ದರೆ ಸಾಂದ್ರತೆ ನೋಡೋಕೆ, ಫಿಲ್ಟರ್ ಪೇಪರ್ ಪರೀಕ್ಷೆಗೆ, 5 ಲೀಟರ್ ಅಳತೆ ಪಾತ್ರೆಗೆ ಕೇಳು. ಕೇಳೋ ಹಕ್ಕು ಗಿರಾಕಿಗೆ ಇದೆ. ನೀರು ಬೆರೆಸದೆ ಹಾಗೇ ಬಾಟಲಿಗೆ ಹಿಡಿದಾಗಲೇ ಎರಡು ಪದರ ಕಂಡರೆ ಆಗ ಜಗಳ ಮಾಡು, ನಾವೂ ಬರ್ತೀವಿ.

ಇನ್ನು ಶಾಖದ ಮಾತು. ಹೊಸ ಬೈಕುಗಳಲ್ಲಿ ಸೆನ್ಸರ್ ಇರುತ್ತೆ, ಇಂಧನ ಎಷ್ಟು ಬೇಕು ಅಂತ ತಾನೇ ಹೊಂದಿಸಿಕೊಳ್ಳುತ್ತೆ. ಸ್ಪ್ರೇಯರಿನ ಕಾರ್ಬೋರೇಟರ್‌ಗೆ ಆ ಬುದ್ಧಿ ಇಲ್ಲ. ಅದರ ಜೆಟ್ಟು ಬರೀ ಪೆಟ್ರೋಲಿಗೆ ಅಂತ ಕೊರೆದಿರೋದು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತೆ, ಹಾಗಾಗಿ ಅದೇ ಜೆಟ್ಟಿಗೆ ಗಾಳಿ ಜಾಸ್ತಿ, ಇಂಧನ ಕಮ್ಮಿ ಆದಂಗೆ. ಎಂಜಿನ್ ಹೆಚ್ಚು ಕಾಯುತ್ತೆ. ಪೂರ್ತಿ ರೇಸ್ ಕೊಟ್ಟು ಒಂದು ಟ್ಯಾಂಕ್ ಮುಗಿಯೋ ತನಕ ನಿಲ್ಲಿಸದೆ ಹೊಡೆಯೋ ನಮ್ಮ ಪದ್ಧತಿಗೆ ಇದು ಒಳ್ಳೇದಲ್ಲ. ಅದರ ಮೇಲೆ ದುಡ್ಡು ಉಳಿಸೋಕೆ 2ಟಿ ಆಯಿಲ್ ಕೈ ಅಳತೆಯಲ್ಲಿ ಹಾಕೋದು ಬೇರೆ. ಮಷೀನಿನ ಪುಸ್ತಕದಲ್ಲಿ 25ಕ್ಕೆ 1 ಅಂತ ಇದ್ದರೆ ಲೀಟರಿಗೆ 40 ಎಂ.ಎಲ್., 50ಕ್ಕೆ 1 ಅಂತ ಇದ್ದರೆ 20 ಎಂ.ಎಲ್. ಮುಚ್ಚಳದಲ್ಲಿ ಅಂದಾಜು ಬೇಡ, ಔಷಧಿ ಅಂಗಡಿಯ ಸಿರಿಂಜ್ ಸಾಕು.

ಆ ಪುಸ್ತಕ ಯಾವ ಭಾಷೆಯಲ್ಲಿರುತ್ತೆ ಅಂತ ಕೇಳಬೇಡಿ. ನಾವು ನೋಡಿದವೆಲ್ಲಾ ಇಂಗ್ಲಿಷು, ಕೆಲವು ಹಿಂದಿ. ತೆಲುಗೇ ಸಿಗಲಿಲ್ಲ, ಕನ್ನಡ ಎಲ್ಲಿಂದ ಬರಬೇಕು? ಹಳೇ ಸಣ್ಣ ಎಂಜಿನ್‌ಗಳ ಎಷ್ಟೋ ಪುಸ್ತಕಗಳಲ್ಲಿ "ಶೇ 10ಕ್ಕಿಂತ ಹೆಚ್ಚು ಎಥನಾಲ್ ಇರೋ ಪೆಟ್ರೋಲ್ ಹಾಕಬೇಡಿ" ಅಂತ ಸಾಲು ಇದೆ. ಓದಿಕೊಂಡರೂ ರೈತ ಏನು ಮಾಡಬೇಕು? ಬಂಕಿನಲ್ಲಿ ಸಿಗೋದೇ ಶೇ 20.

ಇಲ್ಲಿಂದ ನಮ್ಮ ತಕರಾರು ಶುರು. ಅಮೆರಿಕ ನಮಗಿಂತ ಜಾಸ್ತಿ ಎಥನಾಲ್ ಮಾಡೋ ದೇಶ. ಅಲ್ಲಿ ಮಾಮೂಲಿ ಪೆಟ್ರೋಲಲ್ಲಿ ಶೇ 10. ಶೇ 15ರದ್ದೂ ಸಿಗುತ್ತೆ, ಆದ್ರೆ ಅದನ್ನ 2001 ಮತ್ತು ನಂತರದ ಕಾರುಗಳಿಗೆ ಮಾತ್ರ ಹಾಕಬೇಕು. ಬೈಕು, ದೋಣಿ, ಹುಲ್ಲು ಕತ್ತರಿಸೋ ಮಷೀನಿಗೆ ಹಾಕೋದನ್ನ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ನಿಷೇಧಿಸಿದೆ. ಪಂಪಿನ ಮೇಲೆ ಕಣ್ಣಿಗೆ ಹೊಡೆಯೋ ಕಿತ್ತಳೆ ಬಣ್ಣದ ಚೀಟಿ ಅಂಟಿಸೋದು ಕಡ್ಡಾಯ. ಅಲ್ಲಿ ಶೇ 15 ಬೇಡ ಅಂದ ಜಾತಿಯ ಎಂಜಿನ್‌ಗೆ ಇಲ್ಲಿ ಶೇ 20 ಹಾಕಿಸ್ತಿದ್ದಾರೆ, ಒಂದು ಚೀಟಿಯೂ ಇಲ್ಲದೆ. ಬ್ರೆಜಿಲ್ ನೋಡಿ ಅಂತಾರೆ. ನೋಡೋಣ. ಅಲ್ಲಿ ಶೇ 30ಕ್ಕೆ ಹೋಗಿದ್ದಾರೆ ನಿಜ, ಆದ್ರೆ ಅರ್ಧ ಶತಮಾನ ತಗೊಂಡರು. ಎರಡೂ ಇಂಧನಕ್ಕೆ ಹೊಂದೋ ಕಾರುಗಳು ಅಲ್ಲಿ 2003ರಿಂದಲೇ ರಸ್ತೆಯಲ್ಲಿವೆ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಪೆಟ್ರೋಲಿಯಂ ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತು. ಕೆಲವು ಹಳೇ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಆದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದೇನು ದುಬಾರಿ ಅಲ್ಲ ಅಂತ. ಸ್ಪ್ರೇಯರಿಗೆ ಕಿಲೋಮೀಟರ್ ಎಲ್ಲಿದೆ ಸ್ವಾಮಿ? ಅದು ಓಡೋದು ನಮ್ಮ ಬೆನ್ನ ಮೇಲೆ. ಇಡೀ ಚರ್ಚೆ ಕಾರು, ಬೈಕಿನ ಸುತ್ತಲೇ ನಡೆಯಿತು. ಎಥನಾಲ್ ಇಲ್ಲದ ಪೆಟ್ರೋಲೂ ಬಂಕಿನಲ್ಲಿ ಸಿಗಬೇಕು, ಎಷ್ಟು ಬೆರೆಸಿದ್ದಾರೆ ಅಂತ ಪಂಪಿನ ಮೇಲೆ ಬರೆಯಬೇಕು ಅಂತ ಕೇಳಿದ ಅರ್ಜಿಯನ್ನ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ಆಯ್ಕೆಯ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಆದ್ರೆ ಪಂಪಿನ ಮೇಲೆ ಚೀಟಿ ಹಾಕಬೇಡಿ ಅಂತ ಯಾರೂ ಹೇಳಿಲ್ಲ.

ನಾವು ಎಥನಾಲ್ ವಿರೋಧಿಗಳಲ್ಲ. ಹೊರದೇಶದ ಎಣ್ಣೆಗೆ ಸುರಿಯೋ ದುಡ್ಡು ಒಳಗಿನ ರೈತನಿಗೆ ಬಂದರೆ ಬೇಡ ಅನ್ನೋಕೆ ನಮಗೇನು ಹುಚ್ಚೇ? ಆದ್ರೆ ಬಂತಾ ಅಂತ ಕೇಳಬೇಕಲ್ಲ. ಈಗ ಎಥನಾಲ್‌ಗೆ ಕಬ್ಬಿಗಿಂತ ಜಾಸ್ತಿ ಹೋಗ್ತಿರೋದು ಮೆಕ್ಕೆಜೋಳ. 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಇದ್ದಾಗ ಮಾರುಕಟ್ಟೆಯಲ್ಲಿ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು, ಹಾವೇರಿ, ಗದಗ ಕಡೆಯ ರೈತರು ಬೀದಿಗಿಳಿದರು. ನಮ್ಮ ಪಕ್ಕದಲ್ಲೇ, ತುಂಗಭದ್ರೆಯ ಆಚೆ ಗದ್ವಾಲ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ, 2025ರ ಜೂನ್‌ನಲ್ಲಿ ಎಥನಾಲ್ ಕಾರ್ಖಾನೆ ಬೇಡ ಅಂತ ಊರಿಗೆ ಊರೇ ಎದ್ದು ನಿಂತಿತು. ನೀರು, ಹೊಲ ಕೆಡುತ್ತೆ ಅನ್ನೋ ಭಯ ಅವರದು. ಈ ಯೋಜನೆಯ ಲಾಭ ಎಲ್ಲಿ ಸೇರ್ತಿದೆಯೋ, ಖರ್ಚು ಮಾತ್ರ ಹಳ್ಳಿಯ ಲೆಕ್ಕಕ್ಕೇ ಬೀಳ್ತಿದೆ.

ಈಗ ಕ್ಯಾನಿನ ವಿಷಯ. ಇದು ನಮ್ಮ ಗಡಿಯವರ ಸ್ವಂತ ಸಮಸ್ಯೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಈ ಕಡೆ ಬಂದವು. ಅವತ್ತಿಂದ ಒಂದೇ ಮಣ್ಣಿಗೆ ಎರಡು ರೇಟು. ಸಿರುಗುಪ್ಪ ಕಡೆಯ ಬಂಕಿನಲ್ಲಿ ಪೆಟ್ರೋಲ್ ಲೀಟರಿಗೆ ಐದಾರು ರೂಪಾಯಿ ಕಡಿಮೆ. ಹಾಗಾಗಿ ಹೊಳಗುಂದ, ಕೌತಾಳಂ ಕಡೆಯವರು ಹೋದಾಗ ಒಂದು ಕ್ಯಾನ್ ತುಂಬಿಸಿಕೊಂಡೇ ಬರ್ತಾರೆ. ಕಿರಾಣಿ ಅಂಗಡಿಯಲ್ಲಿ ಬಾಟಲಿ ಲೆಕ್ಕದಲ್ಲಿ ಮಾರೋದೂ ಅದೇ. ದುಡ್ಡು ಉಳಿಸೋದನ್ನ ತಪ್ಪು ಅನ್ನಲ್ಲ. ಆದ್ರೆ 20 ಲೀಟರ್ ತಂದು ನಾಲ್ಕು ತಿಂಗಳು ಇಟ್ಟರೆ ಉಳಿಸಿದ ನೂರು-ನೂರಿಪ್ಪತ್ತು ಒಂದು ಸಲ ಕಾರ್ಬೋರೇಟರ್ ಬಿಚ್ಚಿಸೋ ಕೂಲಿಗೆ ಸಾಲಲ್ಲ. ಮೂರ್ನಾಲ್ಕು ವಾರಕ್ಕೆ ಎಷ್ಟು ಬೇಕೋ ಅಷ್ಟೇ ತನ್ನಿ. 2ಟಿ ಬೆರೆಸಿದ್ದು ಒಂದು ತಿಂಗಳ ಮೇಲೆ ಮಷೀನಿಗೆ ಬೇಡ.

ಇದಕ್ಕಿಂತ ದೊಡ್ಡ ಮಾತು, ಕ್ಯಾನ್ ಇಡೋ ಜಾಗ. ರೇಟು ಏರಲಿ ಅಂತ ಹತ್ತಿಯನ್ನ ಮನೆಯಲ್ಲೇ ಗುಡ್ಡೆ ಹಾಕಿ ಕಾಯೋದು ನಮ್ಮ ಕಡೆ ಮಾಮೂಲು. ಪಡಸಾಲೆ ತುಂಬಾ ಹತ್ತಿ, ಮೂಲೆಯಲ್ಲಿ ಪೆಟ್ರೋಲ್ ಕ್ಯಾನು, ಪಕ್ಕದ ಕೋಣೆಯಲ್ಲಿ ಒಲೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತೆ. ಕಿಡಿ ಕ್ಯಾನಿನ ಹತ್ತಿರವೇ ಇರಬೇಕು ಅಂತಿಲ್ಲ. 1934ರ ಪೆಟ್ರೋಲಿಯಂ ಕಾಯ್ದೆ ಸ್ವಂತ ಬಳಕೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳೋಕೆ ಬಿಡೋದು ಒಟ್ಟು 30 ಲೀಟರ್ ವರೆಗೆ, ಅದೂ ಗಾಜು, ಪಿಂಗಾಣಿ, ಲೋಹದ ಪಾತ್ರೆಯಲ್ಲಿ. ಗಾಜು-ಪಿಂಗಾಣಿಯದು ಒಂದು ಲೀಟರ್ ಮೀರಬಾರದು, ಲೋಹದ್ದು 25. ಪ್ಲಾಸ್ಟಿಕ್ಕಿನ ಹೆಸರು ಅಲ್ಲಿ ಇಲ್ಲ. ಬಿಗಿ ಮುಚ್ಚಳದ ತಗಡಿನ ಡಬ್ಬಿ ತಗೊಳ್ಳಿ, ಹತ್ತಿ ಇರೋ ಮನೆಯಿಂದ ದೂರ, ನೆರಳಲ್ಲಿ ಇಡಿ. ಕುಡಿಯೋ ನೀರಿನ ಬಾಟಲಿಯಲ್ಲಿ ಮಾತ್ರ ಯಾವತ್ತೂ ಬೇಡ, ಮನೇಲಿ ಮಕ್ಕಳಿರ್ತಾರೆ.

ಮಷೀನು ಅಟ್ಟಕ್ಕೆ ಏರಿಸೋ ದಿನ ಮಾಡಬೇಕಾದ್ದು ಹತ್ತು ನಿಮಿಷದ ಕೆಲಸ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿಯಿರಿ. ಫೋರ್ ಸ್ಟ್ರೋಕ್ ಮಷೀನಿಂದ ಬಸಿದದ್ದು, ಆಯಿಲ್ ಬೆರೆಸದ್ದು, ಗಾಡಿಗೆ ಹಾಕಿದರೆ ಖರ್ಚಾಗುತ್ತೆ. ಆಮೇಲೆ ಮಷೀನು ಚಾಲೂ ಮಾಡಿ ತಾನಾಗಿ ನಿಲ್ಲೋ ತನಕ ಬಿಡಿ. ಕಾರ್ಬೋರೇಟರಿನ ಕೆಳಗೆ ಡ್ರೈನ್ ಸ್ಕ್ರೂ ಇದ್ದರೆ ಬಿಚ್ಚಿ ಉಳಿದ ಹನಿಗಳನ್ನೂ ಇಳಿಸಿ. ಪ್ಲಗ್ ತೆಗೆದು ಒಂದು ಚಮಚಕ್ಕಿಂತ ಕಮ್ಮಿ 2ಟಿ ಆಯಿಲ್ ಬಿಟ್ಟು, ಹಗ್ಗ ಮೆಲ್ಲಗೆ ಎರಡು-ಮೂರು ಸಲ ಎಳೆದು, ಪ್ಲಗ್ ಹಾಕಿ. ಒಲೆ, ಬೀಡಿ ಹತ್ತಿರ ಇರಬಾರದು ಅಂತ ಬಿಡಿಸಿ ಹೇಳಬೇಕಿಲ್ಲ. ಮುಂಗಾರಿಗೆ ಇಳಿಸಿದಾಗ ಮೊದಲು ಪೈಪು ಬಗ್ಗಿಸಿ ನೋಡಿ. ಬಿರುಕು ಇದ್ದರೆ ಹೊಸ ಪೈಪು ಹಾಕಿಸಿ, ಎಥನಾಲ್ ತಡೆಯೋ ಪೈಪೇ ಬೇಕು ಅಂತ ಕೇಳಿ ತಗೊಳ್ಳಿ.

ಅಪ್ಪನಿಗೆ, ಚಿಕ್ಕಪ್ಪನಿಗೆ ಈ ಬರಹ ಕಳಿಸಿದರೆ ಓದೋದು ಅನುಮಾನ. ನೀವೇ ಕೂತು ಒಂದು ಮಷೀನು ಬಸಿದು ತೋರಿಸಿ. ಸುಗ್ಗಿ ಮುಗಿದು ಮೆಣಸಿನಕಾಯಿ ಬಿಡಿಸೋಕೆ ಗುಂಟೂರಿಗೋ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಹೊರಡೋ ಮನೆಗಳಲ್ಲಿ ಮೊದಲು ಮಾಡಿ, ಅವರ ಮಷೀನೇ ಎಲ್ಲಕ್ಕಿಂತ ಹೆಚ್ಚು ದಿನ ಸುಮ್ಮನೆ ಕೂರೋದು.

ಕೇಳಬೇಕಾದ್ದನ್ನೂ ಕೇಳೋಣ. ಪ್ರತಿ ಬಂಕಿನ ಪಂಪಿನ ಮೇಲೆ ಎಥನಾಲ್ ಪ್ರಮಾಣ, ಮತ್ತು "ತಿಂಗಳುಗಟ್ಟಲೆ ಕೂಡಿಡಬೇಡಿ, ಸಣ್ಣ ಎಂಜಿನ್ ಖಾಲಿ ಮಾಡಿ ಇಡಿ" ಅನ್ನೋ ಎರಡು ಸಾಲು, ತೆಲುಗಲ್ಲೂ ಕನ್ನಡದಲ್ಲೂ. ರೈತರಿಗೆ ಸ್ಪ್ರೇಯರ್ ಮಾರೋರು ಅದು ಇ20ಗೆ ಹೊಂದುತ್ತೋ ಇಲ್ಲವೋ ಅಂತ ಬಿಲ್ಲಿನ ಮೇಲೇ ಬರೆದುಕೊಡಬೇಕು. ಸೋಮವಾರದ ಅಹವಾಲು ದಿನ ಕರ್ನೂಲು ಕಲೆಕ್ಟರ್ ಕಚೇರಿಗೆ ಅರ್ಜಿ ಕೊಡಬಹುದು, ಆದೋನಿ ಸಬ್ ಕಲೆಕ್ಟರ್ ಕಚೇರಿಗೂ ಕೊಡಬಹುದು. ತೆಲುಗಲ್ಲಿ ಬರೆಯೋಕೆ ಬರಲ್ಲ ಅಂತ ಹಿಂದೆ ಸರೀಬೇಡಿ. ಸಂವಿಧಾನದ 350ನೇ ವಿಧಿ ಪ್ರಕಾರ ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಅಹವಾಲು ಕೊಡೋ ಹಕ್ಕು ನಮಗಿದೆ. ಕನ್ನಡದಲ್ಲೇ ಬರೀರಿ, ಊರಿನ ಹತ್ತು ರೈತರ ಸಹಿ ಹಾಕಿಸಿ, ರಸೀದಿ ಕೇಳಿ ಇಸ್ಕೊಳ್ಳಿ. ಅರ್ಜಿಯ ಕರಡು ಬೇಕಾದವರಿಗೆ ನಾವೇ ಕಳಿಸಿಕೊಡ್ತೀವಿ.